ಪಟ್ಟಿಯ ಹಿಂದಿನ ಕೈಗಳು

ಗಣಕಯಂತ್ರಗಳ ಪಾಲನೆಯನ್ನೇ ವೃತ್ತಿಯಾಗಿ ಮಾಡಿಕೊಂಡು ಬಹುಕಾಲ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಳೆದ ನನ್ನನ್ನು, ಆ ಕೆಲಸದಲ್ಲಿ ನಿನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಯಾವುದೆಂದು ಯಾರಾದರೂ ಕೇಳಿದರೆ, ಯಂತ್ರಗಳ ವೇಗವನ್ನಾಗಲಿ ಜಾಲದ ವಿಸ್ತಾರವನ್ನಾಗಲಿ ನಾನು ಹೇಳಲಾರೆ. ಲಿನಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶದ ಪ್ಯಾಕೇಜುಗಳನ್ನು ಗುಂಪುಗುಂಪಾಗಿ ಜೋಡಿಸಿಟ್ಟ ಪಟ್ಟಿಗಳನ್ನು ಹೇಳುತ್ತೇನೆ. ಕೇಳಿದವರಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ಪಟ್ಟಿಯೆಂದರೆ ಹೆಸರುಗಳ ಶುಷ್ಕ ಸಾಲು. ಅದರಲ್ಲಿ ಓದುವುದಕ್ಕೆ ಏನಿದೆ? ಆದರೆ ಯಾವ ಹೆಸರಿನ ಪಕ್ಕದಲ್ಲಿ ಯಾವ ಹೆಸರು ಕುಳಿತಿದೆ, ಯಾವುದನ್ನು ಅವಶ್ಯವೆಂದೂ ಯಾವುದನ್ನು ಐಚ್ಛಿಕವೆಂದೂ ಎಣಿಸಲಾಗಿದೆ, ಯಾವುದನ್ನು ಬೇಕೆಂದೇ ಹೊರಗಿಡಲಾಗಿದೆ ಎಂಬುದನ್ನು ಗಮನಿಸುತ್ತ ಹೋದವನಿಗೆ, ಆ ಸಾಲುಗಳ ಹಿಂದೆ ಕುಳಿತು ಅಪರಿಚಿತನಾದ ಮತ್ತೊಬ್ಬನ ಅಗತ್ಯವನ್ನು ಊಹಿಸುತ್ತಿದ್ದ ಒಬ್ಬ ಮನುಷ್ಯನ ಮುಖ ಕಾಣತೊಡಗುತ್ತದೆ.

ನನಗೆ ಮೊದಲು ಪರಿಚಯವಾದದ್ದು ಸ್ಲಾಕ್‌ವೇರ್. ಪ್ಯಾಟ್ರಿಕ್ ವೋಲ್ಕರ್ಡಿಂಗ್ ೧೯೯೩ರಲ್ಲಿ ಹೊರತಂದ ಈ ವಿತರಣೆಯಲ್ಲಿ ಪ್ಯಾಕೇಜುಗಳೆಲ್ಲ ಅಕ್ಷರಗಳ ಹೆಸರಿನ ಸರಣಿಗಳಲ್ಲಿ ಹಂಚಿಹೋಗಿದ್ದವು: 'ಎ' ಎಂದರೆ ಯಂತ್ರ ಎದ್ದುನಿಲ್ಲುವುದಕ್ಕೆ ಬೇಕಾದ ಮೂಲ ವ್ಯವಸ್ಥೆ, 'ಡಿ' ಎಂದರೆ ಪ್ರೋಗ್ರಾಮು ಬರೆಯುವವರ ಉಪಕರಣಗಳು, 'ಎನ್' ಜಾಲಕ್ಕೆ, 'ಟಿ' ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಗೆ, 'ಎಕ್ಸ್' ಕಿಟಕಿಗಳ ತೆರೆಗೆ, 'ವೈ' ಆಟಗಳಿಗೆ. ಫ್ಲಾಪಿಗಳಿಂದ ತಂತ್ರಾಂಶವನ್ನು ತುಂಬಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ವಿಂಗಡಣೆಯಿದು; ಒಂದು ಸರಣಿಯೆಂದರೆ ಕೈಯಲ್ಲಿ ಹಿಡಿಯಬಹುದಾದ ಫ್ಲಾಪಿಗಳ ಒಂದು ಕಟ್ಟು; ಟೆಕ್ ಬೇಡವಾದವನು ಆ ಕಟ್ಟನ್ನು ಇಳಿಸಿಕೊಳ್ಳುವ ಶ್ರಮದಿಂದಲೇ ಪಾರಾಗುತ್ತಿದ್ದ. ಪ್ರತಿ ಸರಣಿಯೊಡನೆ ಟ್ಯಾಗ್‌ಫೈಲ್ ಎಂಬ ಚಿಕ್ಕದೊಂದು ಕಡತವಿರುತ್ತಿತ್ತು. ಅದರಲ್ಲಿ ಒಂದೊಂದು ಪ್ಯಾಕೇಜಿನ ಎದುರಿಗೂ ಇದನ್ನು ಸೇರಿಸತಕ್ಕದ್ದು, ಇದು ಶಿಫಾರಸು ಮಾಡಿದ್ದು, ಇದು ಐಚ್ಛಿಕ, ಇದನ್ನು ಬಿಡಬಹುದು ಎಂಬ ನಾಲ್ಕು ಬಗೆಯ ಗುರುತುಗಳಲ್ಲಿ ಒಂದನ್ನು ಬರೆಯಲು ಅವಕಾಶವಿತ್ತು. ಆಗ ನನಗೆ ಅದು ಇನ್‌ಸ್ಟಾಲ್ ಮಾಡುವ ಹೊತ್ತಿನ ಒಂದು ಅನುಕೂಲವೆಂದಷ್ಟೇ ತೋರಿತ್ತು.

ಲಿನಕ್ಸ್ ನಮ್ಮ ಕಡೆಗಳಲ್ಲಿ ಹರಡಿದ್ದು ಜಾಲದ ಮೂಲಕವಾಗಿ ಅಲ್ಲ, ಪಿಸಿ ಕ್ವೆಸ್ಟ್ ಪತ್ರಿಕೆಯೊಡನೆ ಬರುತ್ತಿದ್ದ ಸಿಡಿಗಳ ಮೂಲಕವಾಗಿ ಎಂದರೆ ಅತಿಶಯೋಕ್ತಿಯಾಗದು. ಬೆಂಗಳೂರಿನಲ್ಲಿದ್ದ ಅತುಲ್ ಚಿಟ್ನಿಸ್ ಅವರು ಆ ಸಿಡಿಗಳ ಹಿಂದಿನ ಪ್ರೇರಣೆಯಾಗಿದ್ದರು. ದೂರವಾಣಿಯ ತಂತಿಯ ಮೂಲಕ ಒಂದು ಸಾಧಾರಣ ಪ್ಯಾಕೇಜನ್ನು ಇಳಿಸಿಕೊಳ್ಳುವುದಕ್ಕೂ ಗಂಟೆಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ, ಅಷ್ಟೊಂದು ಪ್ಯಾಕೇಜುಗಳನ್ನು ಆರಿಸಿ, ಪರೀಕ್ಷಿಸಿ, ತಟ್ಟೆಯೊಂದರ ಮಿತಿಗೆ ಅಳವಡಿಸಿ ಊರೂರಿಗೂ ತಲಪಿಸಿದ್ದು ಎಷ್ಟು ದೊಡ್ಡ ಉಪಕಾರವೆಂಬುದು ಅದನ್ನು ಉಂಡವರಿಗೇ ಗೊತ್ತು. ಅದೂ ಗುಂಪು ಕಟ್ಟುವ ಕೆಲಸವೇ ಅಲ್ಲವೆ?

ಸಿಡಿಯಿಂದ ಆರಂಭಿಸಿದವನಿಗೆ ಬೇಗನೆ ಎದುರಾಗುತ್ತಿದ್ದ ಕಷ್ಟವೆಂದರೆ ಅವಲಂಬನೆಗಳದು. ರೆಡ್ ಹ್ಯಾಟ್ ಸಂಸ್ಥೆಯಲ್ಲಿ ಮಾರ್ಕ್ ಯೂಯಿಂಗ್ ಮತ್ತು ಎರಿಕ್ ಟ್ರೋನ್ ರೂಪಿಸಿದ ಆರ್‌ಪಿಎಂ, ಪ್ಯಾಕೇಜೊಂದನ್ನು ಅಚ್ಚುಕಟ್ಟಾಗಿ ಕೂರಿಸುತ್ತಿತ್ತು, ಅಚ್ಚುಕಟ್ಟಾಗಿ ಕೀಳುತ್ತಿತ್ತು, ಅದಕ್ಕೆ ಇನ್ನೇನು ಬೇಕೆಂಬುದನ್ನೂ ಹೇಳುತ್ತಿತ್ತು; ಆದರೆ ಬೇಕಾದದ್ದನ್ನು ತಾನಾಗಿ ತಂದುಕೊಡುತ್ತಿರಲಿಲ್ಲ. ಒಂದನ್ನು ಕೂರಿಸಹೋದರೆ ಎರಡನೆಯದನ್ನು ಕೇಳುವುದು, ಎರಡನೆಯದನ್ನು ಹುಡುಕಿ ತಂದರೆ ಅದು ಮೂರನೆಯದರ ಹೆಸರು ಹೇಳುವುದು, ಆ ಮೂರನೆಯದು ಯಾವ ಸಿಡಿಯಲ್ಲಿದೆಯೆಂದು ತಡಕಾಡುವುದು, ಹೀಗೆ ಮಧ್ಯಾಹ್ನಗಳು ಕಳೆದುಹೋಗುತ್ತಿದ್ದವು. ಈ ಬವಣೆಯನ್ನು ನೀಗಿದ ಉಪಕರಣಗಳಲ್ಲಿ ಯಮ್ ನನಗೆ ಹತ್ತಿರವಾದದ್ದು. ಪವರ್‌ಪಿಸಿ ಯಂತ್ರಗಳಿಗಾಗಿ ಇದ್ದ ಯೆಲ್ಲೋ ಡಾಗ್ ಎಂಬ ಲಿನಕ್ಸಿನ ನವೀಕರಣ ಸಾಧನವನ್ನು ತೆಗೆದುಕೊಂಡು, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಸೇತ್ ವಿಡಾಲ್ ಮತ್ತು ಮೈಕೆಲ್ ಸ್ಟೆನ್ನರ್ ಅದನ್ನು ಹೊಸದಾಗಿ ಬರೆದರು. ಭೌತಶಾಸ್ತ್ರ ವಿಭಾಗವೊಂದರ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರ ಕೈಯಿಂದ ಈ ಸಾಧನ ಹುಟ್ಟಿತೆಂಬುದನ್ನು ತಿಳಿದಾಗ ನನಗಾದ ಆತ್ಮೀಯತೆಯನ್ನು ಹೇಗೆ ಹೇಳಲಿ! ನನ್ನ ಹಾಗೆಯೇ ಅಧ್ಯಾಪಕರ ಬೇಡಿಕೆಗಳನ್ನೂ ವಿದ್ಯಾರ್ಥಿಗಳ ಅವಸರವನ್ನೂ ನಿತ್ಯ ಕಂಡವರು ಅವರು.

ಅವಲಂಬನೆಯ ಕಾಟ ತೀರಿದ ಮೇಲೆಯೇ ಗುಂಪುಗಳ ನಿಜವಾದ ಸ್ವರೂಪ ನನಗೆ ಸ್ಪಷ್ಟವಾದದ್ದು. ಯಮ್‌ನ ಗ್ರೂಪ್‌ಲಿಸ್ಟ್ ಎಂಬ ಆಜ್ಞೆಯನ್ನು ಕೊಟ್ಟರೆ ಲಭ್ಯವಿರುವ ಗುಂಪುಗಳ ಹೆಸರುಗಳು ಮೂಡುತ್ತಿದ್ದವು. ಗ್ರೂಪ್‌ಇನ್ಫೋ ಎಂದರೆ ಒಂದು ಗುಂಪಿನ ಒಳಗನ್ನು ಬಿಚ್ಚಿ ತೋರಿಸುತ್ತಿತ್ತು. ಗ್ರೂಪ್‌ಇನ್‌ಸ್ಟಾಲ್ ಎಂದರೆ ಗುಂಪನ್ನು ಒಟ್ಟಾಗಿ ತರುತ್ತಿತ್ತು. ಡೆವಲಪ್‌ಮೆಂಟ್ ಟೂಲ್ಸ್ ಎಂಬ ಗುಂಪು ನಮ್ಮ ಪ್ರಯೋಗಶಾಲೆಯ ಅನ್ನವಾಗಿತ್ತು. ಅದರ ಒಳಗನ್ನು ಮೊದಲ ಬಾರಿ ನಿಧಾನವಾಗಿ ಓದಿದಾಗ ನನಗೆ ಹೊಳೆದದ್ದು ಇದು: ಜಿಸಿಸಿ ಎಂಬ ಕಂಪೈಲರಿಗೆ ಬೈನ್‌ಯುಟಿಲ್ಸ್ ಬೇಕೇ ಬೇಕು, ಅದಿಲ್ಲದೆ ಅದು ನಡೆಯಲಾರದು, ಅದು ಯಂತ್ರದ ಅನಿವಾರ್ಯತೆ, ಅಲ್ಲಿ ಮನುಷ್ಯನ ಅಭಿಪ್ರಾಯಕ್ಕೆ ಎಡೆಯಿಲ್ಲ. ಆದರೆ ಮೇಕ್ ಇಲ್ಲದೆಯೂ ಜಿಸಿಸಿ ನಡೆಯುತ್ತದೆ. ಬೈಸನ್, ಫ್ಲೆಕ್ಸ್, ಗೆಟ್‌ಟೆಕ್ಸ್ಟ್ ಯಾವುದೂ ಅದಕ್ಕೆ ಬೇಕಿಲ್ಲ. ಹಾಗಿದ್ದರೂ ಇವೆಲ್ಲ ಒಂದೇ ಗುಂಪಿನಲ್ಲಿ ಕಡ್ಡಾಯದ ಸ್ಥಾನದಲ್ಲಿದ್ದವು. ಕಂಪೈಲರನ್ನು ಕೇಳುವವನು ಇಂದು ಒಂದು ಕಡತವನ್ನು ಬರೆದರೂ ನಾಳೆ ಹತ್ತು ಕಡತಗಳನ್ನು ಬರೆಯುವನು, ಆಗ ಮೇಕ್ ಅವನಿಗೆ ಬೇಕಾಗುವುದು ಎಂದು ಯಾರೋ ಮುಂದಾಗಿಯೇ ಯೋಚಿಸಿದ್ದರು. ಅಷ್ಟೇ ಅಲ್ಲ, ಪ್ಯಾಕೇಜುಗಳನ್ನು ಕಟ್ಟುವ ಆರ್‌ಪಿಎಂ‌-ಬಿಲ್ಡ್ ಕೂಡ ಅಲ್ಲಿತ್ತು. ತಂತ್ರಾಂಶವನ್ನು ಕಂಪೈಲ್ ಮಾಡುವವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಇತರರೂ ಕೂರಿಸಿಕೊಳ್ಳುವಂತೆ ಪ್ಯಾಕೇಜಾಗಿ ಕಟ್ಟಬೇಕೆಂಬ ಒಂದು ನಿರೀಕ್ಷೆಯೇ ಆ ಒಂದು ಹೆಸರಿನಲ್ಲಿ ಅಡಗಿರುವಂತೆ ನನಗೆ ತೋರಿತು, ಈಗಲೂ ತೋರುತ್ತದೆ.

ಈ ಪಟ್ಟಿಗಳೆಲ್ಲ ಕಾಂಪ್ಸ್ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ಇರುತ್ತವೆ. ಪ್ರತಿ ಗುಂಪಿಗೂ ಒಂದು ಗುರುತು, ಒಂದು ಹೆಸರು, ಒಂದೆರಡು ವಾಕ್ಯಗಳ ವಿವರಣೆ, ಅದರ ಕೆಳಗೆ ಪ್ಯಾಕೇಜುಗಳು. ಪ್ಯಾಕೇಜಿಗೆ ನಾಲ್ಕು ಬಗೆ: ಕಡ್ಡಾಯವಾದದ್ದು ಗುಂಪಿನೊಡನೆ ಬಂದೇ ಬರುತ್ತದೆ, ರೂಢಿಯದು, ಬೇಡವೆಂದು ಹೇಳದಿದ್ದರೆ ಬರುತ್ತದೆ, ಐಚ್ಛಿಕವಾದದ್ದು, ಬೇಕೆಂದು ಹೇಳಿದರೆ ಮಾತ್ರ ಬರುತ್ತದೆ, ನಾಲ್ಕನೆಯದಾದ ಷರತ್ತಿನದು, ಮತ್ತೊಂದು ಪ್ಯಾಕೇಜು ಯಂತ್ರದಲ್ಲಿದ್ದರೆ ಅದರ ಜೊತೆಗಾರನಾಗಿ ಬರುತ್ತದೆ. ಸ್ಲಾಕ್‌ವೇರಿನ ಆ ಹಳೆಯ ಗುರುತುಗಳ ವಿವೇಕವೇ ಇಲ್ಲಿ ಇನ್ನಷ್ಟು ಪಕ್ವವಾಗಿ ಕಾಣುತ್ತದೆ. ಕಡ್ಡಾಯಕ್ಕೂ ಐಚ್ಛಿಕಕ್ಕೂ ನಡುವೆ ಇರುವ ಆ ರೂಢಿಯ ವರ್ಗವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ನಿನಗೆ ಇದು ಬೇಕಾಗಬಹುದೆಂದು ನನಗನ್ನಿಸಿದೆ, ಬೇಡವೆಂದರೆ ಬಿಡು, ನನಗೆ ಬೇಸರವಿಲ್ಲ ಎಂದು ಹೇಳುವ ಆತಿಥೇಯನ ಸೌಜನ್ಯವದು.

ನಮ್ಮಲ್ಲಿ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಪ್ರಯೋಗಶಾಲೆಯ ಯಂತ್ರಗಳನ್ನೆಲ್ಲ ಹೊಸದಾಗಿ ಸಿದ್ಧಪಡಿಸುವ ಪದ್ಧತಿಯಿತ್ತು. ಒಂದೊಂದರ ಮುಂದೆಯೂ ಕುಳಿತು ಪ್ರಶ್ನೆಗಳಿಗೆ ಉತ್ತರಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಕಿಕ್‌ಸ್ಟಾರ್ಟ್ ಎಂಬ ಕಡತದಲ್ಲಿ ಉತ್ತರಗಳನ್ನೆಲ್ಲ ಮೊದಲೇ ಬರೆದಿಡುತ್ತಿದ್ದೆ. ಅದರಲ್ಲಿ ಪ್ಯಾಕೇಜುಗಳ ಭಾಗವನ್ನು ಬರೆಯುವ ಕ್ರಮ ಬಹು ಸರಳ: ಅಟ್ ಚಿಹ್ನೆಯಿಂದ ಆರಂಭವಾದ ಸಾಲು ಗುಂಪಿನ ಹೆಸರು, ಚಿಹ್ನೆಯಿಲ್ಲದ ಸಾಲು ಬಿಡಿ ಪ್ಯಾಕೇಜು, ಋಣಚಿಹ್ನೆಯ ಸಾಲು ಬೇಡವಾದದ್ದು. ಆ ಕಡತವನ್ನು ಜಾಲದ ಮೇಲಿಟ್ಟು ಯಂತ್ರಗಳನ್ನು ಎಬ್ಬಿಸಿದರೆ, ಸಂಜೆ ಬೀಗ ಹಾಕಿಕೊಂಡು ಹೋದ ಕೋಣೆ ಬೆಳಗ್ಗೆ ಪಾಠಕ್ಕೆ ಅಣಿಯಾಗಿ ನಿಂತಿರುತ್ತಿತ್ತು. ಕಾಲೇಜಿನ ಇಂಟರ್ನೆಟ್ ಮಂದವಾಗಿದ್ದುದರಿಂದ ಪ್ಯಾಕೇಜುಗಳ ಒಂದು ಪ್ರತಿಯನ್ನು ನಮ್ಮ ಸರ್ವರಿನಲ್ಲಿಯೇ ಇರಿಸಿಕೊಂಡಿದ್ದೆವು. ರಾತ್ರಿಯ ಹೊತ್ತು ಅದು ತನ್ನಷ್ಟಕ್ಕೆ ಹೊಸದನ್ನು ಇಳಿಸಿಕೊಳ್ಳುತ್ತಿತ್ತು.

ಆ ಪ್ರತಿಯ ಸೂಚಿಯನ್ನು ಸಿದ್ಧಪಡಿಸುವ ಕ್ರಿಯೇಟ್‌ರೆಪೊ ಎಂಬ ಸಾಧನಕ್ಕೆ ನಮ್ಮದೇ ಗುಂಪುಗಳ ಕಡತವನ್ನು ಕೊಡಬಹುದೆಂಬುದನ್ನು ಕಂಡುಕೊಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದುವರೆಗೆ ಇನ್ನೊಬ್ಬರು ಕಟ್ಟಿದ ಗುಂಪುಗಳನ್ನು ಓದುತ್ತಿದ್ದವನು ಈಗ ಗುಂಪು ಕಟ್ಟಲು ಕುಳಿತೆ; ಕುಳಿತ ಮೇಲೆ, ಅದು ಟೈಪ್ ಮಾಡುವ ಕೆಲಸವಲ್ಲ, ವಿಚಾರಿಸುವ ಕೆಲಸವೆಂಬುದು ತಿಳಿಯಿತು. ಕಂಪ್ಯೂಟರ್ ವಿಭಾಗದವರಿಗೆ ಏನು ಬೇಕೆಂಬುದು ನನಗೆ ಗೊತ್ತಿತ್ತು. ಉಳಿದ ವಿಭಾಗಗಳಿಗೆ ನಾನೇ ಹೋಗಿ ಕೇಳಿದೆ. ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರು ನಕ್ಷೆ ಎಳೆಯಲು ಗ್ನೂಪ್ಲಾಟ್ ಒಂದಿದ್ದರೆ ತಮಗೆ ಬೇರೇನೂ ಬೇಡವೆಂದರು. ಗಣಿತದವರು ಆಕ್ಟೇವ್ ಕೇಳಿದರು. ಸಿವಿಲ್ ವಿಭಾಗದ ಹಿರಿಯ ಪ್ರಾಧ್ಯಾಪಕರ ಬಳಿಗೆ ಹೋಗಿ, ಫೋರ್ಟ್ರಾನ್ ಕಂಪೈಲರ್ ಈಗಲೂ ಬೇಕಾಗುವುದೇ ಎಂದು ವಿನಯದಿಂದಲೇ ಕೇಳಿದೆ. "ಬೇಕಾಗುವುದೇ ಎಂದರೇನು ಸ್ವಾಮಿ? ತೊಲೆಗಳ ಲೆಕ್ಕ ಮಾಡುವ ನನ್ನ ಪ್ರೋಗ್ರಾಮುಗಳೆಲ್ಲ ಅದರಲ್ಲೇ ಇವೆ. ನನ್ನ ಹುಡುಗರು ಅವನ್ನು ಓದಿಯೇ ಕಲಿಯುವುದು" ಎಂದು ಅವರು ಕಪಾಟಿನಿಂದ ಹಳೆಯ ಮುದ್ರಿತ ಹಾಳೆಗಳ ಕಟ್ಟೊಂದನ್ನು ತೆಗೆದು, ಅದರ ಮೇಲೆ ತಮ್ಮ ಕೈಬರಹದ ಟಿಪ್ಪಣಿಗಳನ್ನು ತೋರಿಸಿ, ಬಹಳ ಹೊತ್ತು ವಿವರಿಸಿದರು. ನಾನು ಮರಳಿ ಬಂದು ಅವರ ವಿಭಾಗದ ಗುಂಪಿನಲ್ಲಿ ಅದನ್ನು ಕಡ್ಡಾಯದ ಸಾಲಿಗೆ ಬರೆದೆ. ಗುಂಪಿನ ವಿವರಣೆಗೆಂದು ಇರುವ ಜಾಗವನ್ನು ಬಹುಮಂದಿ ಖಾಲಿ ಬಿಡುವುದನ್ನು ನಾನು ಬಲ್ಲೆ. ನಾನು ಮಾತ್ರ ಯಾರು, ಯಾವ ಪಾಠಕ್ಕಾಗಿ, ಯಾವುದನ್ನು ಕೇಳಿದರೆಂಬುದನ್ನು ಅಲ್ಲಿ ತಪ್ಪದೆ ಬರೆಯುತ್ತಿದ್ದೆ. ಕಾರಣ ಬರೆಯದ ಪಟ್ಟಿ, ಬರೆದವನು ಎದ್ದುಹೋದೊಡನೆ ಅರ್ಧ ಮೂಕವಾಗುತ್ತದೆ.

ಸೇರಿಸುವುದಕ್ಕಿಂತ ತೆಗೆಯುವುದು ಕಷ್ಟವೆಂಬುದನ್ನೂ ಈ ಗುಂಪುಗಳೇ ನನಗೆ ಕಲಿಸಿದವು. ಒಂದೇ ಪ್ಯಾಕೇಜು ಎರಡು ಮೂರು ಗುಂಪುಗಳಲ್ಲಿರಬಹುದು. ಎರಡು ಗುಂಪುಗಳನ್ನು ಕೂರಿಸಿ ಅವುಗಳಲ್ಲೊಂದನ್ನು ಗ್ರೂಪ್‌ರಿಮೂವ್ ಆಜ್ಞೆಯಿಂದ ತೆಗೆದರೆ, ಉಳಿದ ಗುಂಪಿಗೆ ಸೇರಿದ್ದನ್ನೂ ಅದು ಕೊಂಡೊಯ್ಯುತ್ತಿತ್ತು. ಮಾತ್ರವಲ್ಲ, ಐಚ್ಛಿಕವೆಂದು ಬೇರೆಯಾಗಿ ತಂದುಕೊಂಡದ್ದೂ ಆ ಗುಂಪಿನ ಪಟ್ಟಿಯಲ್ಲಿ ಹೆಸರಿದ್ದರೆ ಹೋಗುತ್ತಿತ್ತು. ಯಮ್‌ನ ಕೈಪಿಡಿಯಲ್ಲಿಯೇ ಈ ಎಚ್ಚರಿಕೆಯನ್ನು ಸ್ಪಷ್ಟವಾಗಿ ಬರೆದಿತ್ತು. ಬೇರೆ ಯಾವ ಪ್ಯಾಕೇಜೂ ಆಶ್ರಯಿಸಿರದವುಗಳನ್ನು ಮಾತ್ರ ತೆಗೆಯುವಂತೆ ಹೇಳುವ ಒಂದು ಏರ್ಪಾಡನ್ನು ಸಂರಚನೆಯ ಕಡತದಲ್ಲಿ ಮಾಡಿಕೊಳ್ಳಬಹುದಿತ್ತು. ನಮ್ಮ ಯಂತ್ರಗಳಲ್ಲೆಲ್ಲ ನಾನು ಅದನ್ನು ಮಾಡಿಸಿದ್ದೆ. ತೊಂದರೆಯ ಬೇರು ಮರೆವಿನಲ್ಲಿತ್ತು: ಯಾವ ಪ್ಯಾಕೇಜು ಯಾವ ಗುಂಪಿನ ನಿಮಿತ್ತ ಯಂತ್ರಕ್ಕೆ ಬಂತೆಂಬುದನ್ನು ಆಗಿನ ಯಮ್ ನೆನಪಿಡುತ್ತಿರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಗುಂಪನ್ನು ಸ್ವತಃ ಒಂದು ವಸ್ತುವೆಂದು ಭಾವಿಸಿ, ಅದರೊಡನೆ ಬಂದದ್ದನ್ನೆಲ್ಲ ದಾಖಲಿಸುವ ಕ್ರಮ ಬಂತು. ಫೆಡೋರಾ ಎಂಬ ಲಿನಕ್ಸ್ ವಿತರಣೆಯ ೨೦೧೫ರ ೨೨ನೆಯ ಆವೃತ್ತಿಯಲ್ಲಿ ಯಮ್‌ನ ಸ್ಥಾನಕ್ಕೆ ಬಂದ ಡಿಎನ್‌ಎಫ್ ಕೂಡ ಅದೇ ದಾರಿಯನ್ನು ಹಿಡಿಯಿತು.

ಡೆಬಿಯನ್ ಎಂಬ ಇನ್ನೊಂದು ವಿತರಣೆಯ ಪಂಥದವರು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದ್ದರು. ಅವರ ಮೆಟಾಪ್ಯಾಕೇಜಿನಲ್ಲಿ ತಿರುಳೆಂಬುದಿಲ್ಲ. ಇತರ ಪ್ಯಾಕೇಜುಗಳನ್ನು ಅವಲಂಬಿಸುವುದೇ ಅದರ ಕಾರ್ಯ. ಅವುಗಳಲ್ಲಿ ಬಿಲ್ಡ್-ಎಸೆನ್ಷಿಯಲ್ ಎಂಬುದರ ಹಿಂದಿರುವ ವ್ಯಾಖ್ಯೆ ನನಗೆ ಬಹಳ ಪ್ರಿಯ: ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಜಗತ್ತಿಗೆ ನಮಸ್ಕಾರ ಹೇಳುವ ಆ ಚಿಕ್ಕ ಪ್ರೋಗ್ರಾಮನ್ನು ಕಂಪೈಲ್ ಮಾಡಿ, ಜೋಡಿಸಿ, ಡೆಬಿಯನ್ ಪ್ಯಾಕೇಜಾಗಿ ಕಟ್ಟುವುದಕ್ಕೆ ಏನೇನು ಬೇಕೋ ಅಷ್ಟು. ಯಾವುದು ಒಳಗೆ ಯಾವುದು ಹೊರಗೆ ಎಂಬ ಚರ್ಚೆಗೆ ಇಷ್ಟು ನಿಖರವಾದ ಗೆರೆಯನ್ನು ಎಳೆದವರನ್ನು ನಾನು ಗೌರವಿಸುತ್ತೇನೆ, ಆ ಗೆರೆಯೊಳಗೆ ನಮ್ಮ ಸಿವಿಲ್ ಪ್ರಾಧ್ಯಾಪಕರಿಗೆ ಜಾಗವಿಲ್ಲದಿದ್ದರೂ. ಮೆಟಾಪ್ಯಾಕೇಜಿಗೆ ಇನ್ನೊಂದು ಗುಣವುಂಟು: ಮುಂದೆ ಅದಕ್ಕೆ ಹೊಸ ಸದಸ್ಯನೊಬ್ಬ ಸೇರಿದರೆ ನವೀಕರಣದ ಹೊತ್ತಿನಲ್ಲಿ ಅವನೂ ಯಂತ್ರಕ್ಕೆ ಬರುತ್ತಾನೆ. ಆರ್ಚ್ ಲಿನಕ್ಸಿನ ಗುಂಪುಗಳಲ್ಲಿ ಹಾಗಿರಲಿಲ್ಲ. ಕೂರಿಸಿದ ದಿನ ಪಟ್ಟಿಯಲ್ಲಿದ್ದವು ಬರುತ್ತಿದ್ದವು, ಆಮೇಲೆ ಸೇರಿದವು ಹೊರಗೇ ಉಳಿಯುತ್ತಿದ್ದವು. ಅವರು ತಮ್ಮ ಬೇಸ್ ಗುಂಪನ್ನು ೨೦೧೯ರಲ್ಲಿಯೂ ಬೇಸ್-ಡೆವೆಲ್ ಗುಂಪನ್ನು ೨೦೨೩ರಲ್ಲಿಯೂ ಮೆಟಾಪ್ಯಾಕೇಜುಗಳನ್ನಾಗಿ ಮಾರ್ಪಡಿಸಿದರು.

ಇನ್ನು ಕನ್ನಡದ ಮಾತು. ಗ್ರೂಪ್‌ಲಿಸ್ಟಿನ ಕೊನೆಯ ಭಾಗದಲ್ಲಿ ಭಾಷೆಗಳ ಗುಂಪುಗಳಿರುತ್ತಿದ್ದವು. ಜಪಾನಿ ಮತ್ತು ಕಾಶ್ಮೀರಿ ಭಾಷೆಗಳ ನೆರೆಯಲ್ಲಿ 'ಕನ್ನಡ ಸಪೋರ್ಟ್' ಎಂಬ ಹೆಸರನ್ನು ಕಂಡಾಗಲೆಲ್ಲ ನನ್ನ ಕಣ್ಣು ಒಂದು ಕ್ಷಣ ಅಲ್ಲಿ ನಿಲ್ಲುತ್ತಿತ್ತು. ಅದನ್ನು ಬಿಚ್ಚಿ ನೋಡಿದರೆ ಲೋಹಿತ್ ಕನ್ನಡ ಅಕ್ಷರವಿನ್ಯಾಸ, ಕೀಲಿಮಣೆಯ ವಿನ್ಯಾಸಗಳ ಕಡತಗಳು, ಷರತ್ತಿನ ವರ್ಗದಲ್ಲಿ ಕಚೇರಿ ತಂತ್ರಾಂಶದ ಕನ್ನಡ ಭಾಗ. ಆ ತಂತ್ರಾಂಶ ಯಂತ್ರದಲ್ಲಿದ್ದರೆ ಅದರ ಕನ್ನಡವೂ ಬರಲಿ, ಇಲ್ಲದಿದ್ದರೆ ಬೇಡ ಎಂಬ ವಿವೇಚನೆ. ಇವುಗಳಲ್ಲಿ ಒಂದನ್ನೊಂದು ಅನಿವಾರ್ಯವಾಗಿ ಬೇಡುವಂಥವು ಯಾವುವೂ ಇಲ್ಲ. ಅಕ್ಷರವಿನ್ಯಾಸಕ್ಕೆ ಕೀಲಿಮಣೆ ಬೇಡ, ಕೀಲಿಮಣೆಗೆ ಕಚೇರಿ ತಂತ್ರಾಂಶ ಬೇಡ. ಕನ್ನಡ ಬರೆಯುವ ಮನುಷ್ಯನೊಬ್ಬನಿಗೆ ಮಾತ್ರ ಇವೆಲ್ಲ ಒಟ್ಟಿಗೆ ಬೇಕು. ಆ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಈ ಪಟ್ಟಿಯನ್ನು ಬರೆದಿರಬೇಕು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸವೂ ಆ ಕಡತಗಳಲ್ಲಿತ್ತು. ನಮ್ಮ ಗ್ರಂಥಾಲಯದ ಯಂತ್ರಗಳಲ್ಲಿ ಈ ಗುಂಪನ್ನು ಕೂರಿಸಿದ ಮೇಲೆ, ಅದುವರೆಗೆ ಕನ್ನಡ ಪುಸ್ತಕಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಿಸುತ್ತಿದ್ದ ಸಹಾಯಕಿ ಕನ್ನಡದಲ್ಲಿಯೇ ದಾಖಲಿಸತೊಡಗಿದರು. ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂದು ಅವರು ಮೊದಲ ದಿನ ಬಹಳ ಕಠಿಣವಾದ ಹೆಸರುಗಳನ್ನೇ ಆರಿಸಿ ಪರೀಕ್ಷಿಸಿದ್ದರು. "ಸಾರ್, ಹಳೆಯ ದಾಖಲೆಗಳನ್ನೂ ತಿದ್ದಿಬಿಡಲೇ?" ಎಂದು ಅವರು ಕೇಳಿದ್ದು, ತಿದ್ದಿದ್ದು, ಅದಕ್ಕೆ ಅವರು ವಹಿಸಿದ ಶ್ರದ್ಧೆ, ಇವನ್ನು ನಾನು ಮರೆಯಲಾರೆ.

೨೦೧೬ರ ಫೆಡೋರಾ ೨೪ರಿಂದ ಭಾಷೆಗಳ ಈ ಗುಂಪುಗಳ ಕೆಲಸವನ್ನು ಲ್ಯಾಂಗ್‌ಪ್ಯಾಕ್ಸ್ ಎಂಬ ಮೆಟಾಪ್ಯಾಕೇಜುಗಳು ವಹಿಸಿಕೊಂಡವು. ಡೆಬಿಯನ್ನಿನಲ್ಲಿಯೂ ಕನ್ನಡ ಡೆಸ್ಕ್‌ಟಾಪಿಗೆಂದು ಟಾಸ್ಕ್ ಎಂಬ ಒಂದು ಗುಂಪು ಉಂಟು, ಲೋಹಿತ್, ಗುಬ್ಬಿ, ನವಿಲು ಅಕ್ಷರವಿನ್ಯಾಸಗಳನ್ನು ಒಟ್ಟಿಗೆ ತರುವ ಮೆಟಾಪ್ಯಾಕೇಜೂ ಉಂಟು. ರೂಪ ಬದಲಾದರೂ ಕೂಡಿಸಿಡುವವರ ಕೆಲಸ ನಿಂತಿಲ್ಲ. ಆದರೆ ಹಾಗೆ ಕೂಡಿಸಿಟ್ಟವರಲ್ಲಿ ಇಬ್ಬರನ್ನು ಕಳೆದುಕೊಂಡ ೨೦೧೩ರ ಮಳೆಗಾಲ ನನ್ನಂಥವರಿಗೆ ಕಹಿಯಾದ ಕಾಲ. ಜೂನ್ ತಿಂಗಳಲ್ಲಿ ಅತುಲ್ ಚಿಟ್ನಿಸ್ ಕ್ಯಾನ್ಸರಿನಿಂದ ತೀರಿಕೊಂಡರು. ಜುಲೈಯಲ್ಲಿ ಸೇತ್ ವಿಡಾಲ್, ಡರಮ್ ನಗರದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರೊಂದು ಬಡಿದು ಮಡಿದರು. ಇಬ್ಬರನ್ನೂ ನಾನು ಮುಖತಃ ಕಂಡವನಲ್ಲ. ಆದರೂ ಆ ಸುದ್ದಿಗಳು ಬಂದ ದಿನಗಳಲ್ಲಿ, ಮನೆಯ ಹಿರಿಯರನ್ನು ಕಳೆದುಕೊಂಡಾಗ ಆಗುವ ಮೌನವೇ ನನ್ನನ್ನು ಆವರಿಸಿತು.

ಈಚೆಗೆ ಎಲ್ಲವನ್ನೂ ಕನಿಷ್ಠಕ್ಕೆ ಇಳಿಸಿ, ಒಂದೊಂದು ಕಾರ್ಯಕ್ಕೂ ಒಂದೊಂದು ಕಂಟೇನರನ್ನು ಕಟ್ಟಿ, ಅದಕ್ಕೆ ಬೇಕಾದಷ್ಟನ್ನೇ ಅದರೊಳಗೆ ಇಡುವ ಪದ್ಧತಿ ಬಲವಾಗಿದೆ. ಸರ್ವರುಗಳ ವಿಷಯದಲ್ಲಿ ಅದು ಸಮಂಜಸವೆಂದು ನಾನೂ ಒಪ್ಪುತ್ತೇನೆ. ಕಲಿಯುವ ಹುಡುಗನ ಯಂತ್ರದ ವಿಷಯದಲ್ಲಿ ಒಪ್ಪಲಾರೆ. ತನಗೆ ಏನು ಬೇಕೆಂಬುದು ಅವನಿಗೇ ಇನ್ನೂ ತಿಳಿಯದು. ತಾನು ಕೇಳದಿದ್ದ ಉಪಕರಣವೊಂದು ಕೈಗೆ ತಾಗುವಷ್ಟು ಹತ್ತಿರದಲ್ಲಿದ್ದುದರಿಂದಲೇ ದಾರಿ ಕಂಡುಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಡಾಕ್ಸಿಜನ್ ಎಂಬುದನ್ನು ಹೀಗೆ ಅಕಸ್ಮಾತ್ತಾಗಿ ಕಂಡ ಒಬ್ಬ ಹುಡುಗಿ ತನ್ನ ತಂಡದ ಪ್ರೋಗ್ರಾಮಿಗೆಲ್ಲ ವಿವರಣೆ ಬರೆಯತೊಡಗಿದಳು. ಅದು ಡೆವಲಪ್‌ಮೆಂಟ್ ಟೂಲ್ಸ್ ಗುಂಪಿನ ರೂಢಿಯ ವರ್ಗದಲ್ಲಿತ್ತು.

ನಿವೃತ್ತಿಗೆ ಮುಂಚೆ ಆ ಗುಂಪುಗಳ ಕಡತವನ್ನು ನನ್ನ ಸ್ಥಾನಕ್ಕೆ ಬಂದ ತರುಣಿಗೆ ಒಪ್ಪಿಸಿದೆ. ಆಕೆ ಅದನ್ನು ಸಾಲುಸಾಲಾಗಿ ಓದಿ, ವಿವರಣೆಗಳನ್ನು ಓದಿ, ವಿವರಣೆ ಸಾಲದ ಕಡೆಯಲ್ಲೆಲ್ಲ ನನ್ನನ್ನು ನಿಲ್ಲಿಸಿ ಪ್ರಶ್ನಿಸಿದಳು. ಸಿವಿಎಸ್ ಎಂಬ ಹಳೆಯ ಆವೃತ್ತಿ ನಿಯಂತ್ರಣ ಸಾಧನವನ್ನು ಹೊಡೆದುಹಾಕಿದಳು. ಅದಕ್ಕೆ ನನ್ನ ಪೂರ್ಣ ಸಮ್ಮತಿಯಿತ್ತು. ಫೋರ್ಟ್ರಾನಿನ ಸಾಲಿಗೆ ಬಂದಾಗ ನಾನು ಏನನ್ನೂ ಹೇಳಹೋಗಲಿಲ್ಲ. ಆಕೆ ಸಿವಿಲ್ ವಿಭಾಗಕ್ಕೆ ತಾನೇ ಹೋಗಿ, ಹಿರಿಯ ಪ್ರಾಧ್ಯಾಪಕರು ನಿವೃತ್ತರಾಗಿದ್ದರೂ ಅವರ ಶಿಷ್ಯರೊಬ್ಬರು ಅದೇ ಪಾಠವನ್ನು ಮುಂದುವರಿಸುತ್ತಿರುವರೆಂದು ತಿಳಿದುಕೊಂಡು ಬಂದು, ಆ ಸಾಲನ್ನು ಇದ್ದಲ್ಲಿಯೇ ಇರಿಸಿ, ವಿವರಣೆಯಲ್ಲಿ ಹೊಸ ಅಧ್ಯಾಪಕರ ಪಾಠದ ಹೆಸರನ್ನು ಸೇರಿಸಿದಳು. ಬಳಿಕ ಪೈಥಾನ್, ನಮ್‌ಪೈ ಮೊದಲಾದವುಗಳನ್ನೆಲ್ಲ ಕೂಡಿಸಿ ತಾನೇ ಒಂದು ಗುಂಪನ್ನು ಕಟ್ಟಿ, ಅದರ ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆದು, ಭಾಷೆಯ ಗುರುತು ಹಾಕಿ ಕನ್ನಡದಲ್ಲಿಯೂ ಬರೆದಳು.